ಖಣದ ಲೆಕ್ಕ

ನಮ್ಮ ಸೀಮೆಯಲ್ಲಿ ಮನೆಯ ಅಳತೆಯನ್ನು ಖಣಗಳಿಂದ ಹೇಳುವ ರೂಢಿಯು ತೀರ ಈಚಿನವರೆಗೂ ಇದ್ದಿತು. ಇದು ಕುಪ್ಪಸದ ಖಣವಲ್ಲ. ಎರಡು ತೊಲೆಗಳ ನಡುವಣ ಹರವಿಗೆ ಒಂದು ಖಣವೆಂದು ಹೆಸರು. ಮೂರು ಖಣದ ಮನೆಯೆಂದರೆ ಬಡವನದು. ಒಂಬತ್ತು ಖಣದ್ದೆಂದರೆ ದನಕರು, ಕಾಳುಕಡಿ, ಬಂದವರಿಗೆ ಪಡಸಾಲೆ ಎಲ್ಲವೂ ಇದ್ದ ಮನೆ. ಕನ್ಯೆ ಕೊಡಲು ಬಂದ ಬೀಗರು ಹುಡುಗನ ಮುಖವನ್ನು ನೋಡುವ ಮೊದಲು ತಲೆಯೆತ್ತಿ ತೊಲೆಗಳನ್ನು ಎಣಿಸುತ್ತಿದ್ದರೆಂದು ನನ್ನ ಅಜ್ಜಿಯು ಹೇಳುತ್ತಿದ್ದಳು. ಚದರ ಫೂಟಿನ ಲೆಕ್ಕವು ನಮ್ಮ ವಳಸಂಗಕ್ಕೆ ಬಂದುದು ಸೊಲ್ಲಾಪುರ ಪಟ್ಟಣದ ಬೆಳವಣಿಗೆಯ ಜೊತೆಗೆ. ಆ ಹೊಸ ಲೆಕ್ಕವನ್ನು ನಾನು ತರಗತಿಯಲ್ಲಿ ಕಲಿಸಹೋಗಿ, ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿಯಿಂದ ತಪ್ಪು ಹಿಡಿಸಿಕೊಂಡೆನು. ಅದನ್ನು ಹೇಳುವದಕ್ಕೆ ಮೊದಲು ನಮ್ಮ ಮನೆಯ ಸಂಗತಿಯನ್ನು ತುಸು ಹೇಳಬೇಕು.

ನಾನು ಹುಟ್ಟಿದುದು ಐದು ಖಣದ ಮಾಳಿಗೆಯ ಮನೆಯಲ್ಲಿ. ಕಲ್ಲುಮಣ್ಣಿನ ಗೋಡೆ, ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿಕಟ್ಟಿಗೆಯ ಹಾಸು, ಅದರ ಮೇಲೆ ದಪ್ಪನಾಗಿ ಬಡಿದ ಹಾಳಮಣ್ಣು. ಬೇಸಿಗೆಯಲ್ಲಿ ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಬಾವಿಯ ತಂಪು. ಪ್ರತಿ ವರ್ಷ ರೋಹಿಣಿ ಮಳೆ ಬೀಳುವದರೊಳಗೆ ಮಾಳಿಗೆಗೆ ಹೊಸ ಮಣ್ಣು ಹಾಕಲೇಬೇಕು. ಹಳೆಯದನ್ನು ತೆಗೆಯುವ ಕೆಲಸ ಯಾರೂ ಮಾಡುತ್ತಿರಲಿಲ್ಲ. ಹೀಗೆ ತಲೆಮಾರಿನಿಂದ ತಲೆಮಾರಿಗೆ ನಮ್ಮ ತಲೆಯ ಮೇಲಿನ ಭಾರವು ಹೆಚ್ಚುತ್ತಲೇ ಬಂದಿದ್ದಿತು.

1993ರ ಸಪ್ಟೆಂಬರ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಊರೆಲ್ಲ ಮಲಗಿದ್ದಾಗ, ಕಿಲ್ಲಾರಿಯ ಭೂಕಂಪವಾಯಿತು. ಲಾತೂರ ಹಾಗೂ ಆಗಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಜನರು ತಮ್ಮ ತಮ್ಮ ಮನೆಗಳ ಕೆಳಗೇ ಸತ್ತರು. ನಾನಾಗ ಮೂರು ವರ್ಷದ ಕೂಸು. ಅವ್ವನು ನನ್ನನ್ನು ಕೌದಿಯ ಸಮೇತ ಎತ್ತಿಕೊಂಡು ಅಂಗಳಕ್ಕೆ ಓಡಿದಳಂತೆ. ನಮ್ಮ ಮನೆ ಬೀಳಲಿಲ್ಲ. ಆದರೆ ಆ ಮುಂದಿನ ಬೇಸಿಗೆಯಲ್ಲಿ ಅಪ್ಪನು ಮಾಳಿಗೆಯ ಮಣ್ಣನ್ನೆಲ್ಲ ಇಳಿಸಿ, ತೊಲೆಗಳನ್ನು ಮಾರಿ, ಮೇಲೆ ಪತ್ರೆಗಳನ್ನು ಹೊದಿಸಿದನು. ಊರಲ್ಲಿ ಬಹಳ ಜನರು ಹಾಗೆಯೇ ಮಾಡಿದರು. ಮಣ್ಣಿನ ಮನೆಯೇ ಕೊಲೆಗಡುಕವೆಂಬ ಮಾತು ಅಂದಿನಿಂದ ಹಬ್ಬಿತು. ಅಪ್ಪನು ಮಾತ್ರ ಈಗಲೂ ಒಪ್ಪುವದಿಲ್ಲ: “ಮಣ್ಣಿನ ತಪ್ಪ ಅಲ್ಲಪಾ. ಒಳಗಿನ ಗ್ವಾಡಿ ಬ್ಯಾರೆ, ಹೊರಗಿನ ಗ್ವಾಡಿ ಬ್ಯಾರೆ, ನಡುವ ಎರಡನ್ನೂ ಹಿಡಿಯು ಉದ್ದನ ಕಲ್ಲ ಇಟ್ಟಿರಲಿಲ್ಲ. ಮ್ಯಾಲ ಹೊರಿ ಹೇರಿದ್ರು. ಎಂಥಾ ಮನಿ ನಿಂತೀತು?” ಎನ್ನುತ್ತಾನೆ. ಮುಂದೆ ಈ ವಿಷಯವಾಗಿ ತಜ್ಞರು ಬರೆದುದನ್ನು ಓದಿದಾಗ ಅವರೂ ಇದನ್ನೇ ಹೇಳಿದುದನ್ನು ಕಂಡು ನನಗೆ ಆಶ್ಚರ್ಯವೂ ಹೆಮ್ಮೆಯೂ ಆಯಿತು.

ಅಪ್ಪನು ಗೌಂಡಿ. 1972ರ ಬರದಲ್ಲಿ ಅವನಿಗೆ ಹದಿನಾಲ್ಕು ವರ್ಷ. ಅಜ್ಜನೊಂದಿಗೆ ರಸ್ತೆಯ ಬರಗಾಲಿ ಕಾಮಗಾರಿಗೆ ಹೋಗಿ ಖಡಿ ಒಡೆದು, ಅಲ್ಲಿ ಕೊಟ್ಟ ಸುಕಡಿಯನ್ನು ತಿಂದು ಆ ವರ್ಷವನ್ನು ಕಳೆದನು. ಕಲ್ಲಿನ ಪರಿಚಯವು ಹೀಗೆ ಹೊಟ್ಟೆಯ ದಾರಿಯಿಂದ ಆಯಿತು. ಅನಂತರ ಸೊಲ್ಲಾಪುರದಲ್ಲಿ ಒಬ್ಬ ಹಿರಿಯ ಗೌಂಡಿಯ ಕೈಕೆಳಗೆ ಮಾಲು ಕಲಸುತ್ತ, ಬುಟ್ಟಿ ಹೊರುತ್ತ, ಕೊನೆಗೆ ಕರಣಿ ಹಿಡಿದನು. ಅವನಿಗೆ ಅಕ್ಷರವಿಲ್ಲ. ಆದರೆ ಓಳಂಬದ ದಾರವು ಗೋಡೆಯಿಂದ ನೂಲಿನಷ್ಟು ಸರಿದರೂ ದೂರದಿಂದಲೇ ಹೇಳಬಲ್ಲನು. ಮನೆಯ ನಕಾಶೆಯನ್ನು ಇಂಜಿನಿಯರರು ಒಮ್ಮೆ ಓದಿ ಹೇಳಿದರೆ ಸಾಕು, ಮತ್ತೆ ಕಾಗದವನ್ನು ಕೇಳುತ್ತಿರಲಿಲ್ಲ.

ಅವನು ಕೆಲಸ ಮಾಡಿದ ಕಾಲವೆಂದರೆ ಪಟ್ಟಣವು ಕೈಕಾಲು ಚಾಚಿದ ಕಾಲ. ಸೊಲ್ಲಾಪುರಕ್ಕೆ 1964ರ ಮೇ 1ರಂದು ಮಹಾನಗರಪಾಲಿಕೆ ಬಂದಿತು. 1992ರಲ್ಲಿ ಸುತ್ತಲಿನ ಹನ್ನೊಂದು ಹಳ್ಳಿಗಳು ಅದರ ಸೀಮೆಯಲ್ಲಿ ಕೂಡಿದವು. ಜನರು ಇದಕ್ಕೆ ‘ಹದ್ದವಾಢ’ ಎಂದರು. ಮೂವತ್ತು ವರ್ಷ ಕಳೆದರೂ ಆ ಭಾಗದ ಹೆಸರೇ ಹದ್ದವಾಢ ಭಾಗವೆಂದು ಉಳಿದಿದೆ. ನಿನ್ನೆಯವರೆಗೆ ಜೋಳದ ಹೊಲವಿದ್ದಲ್ಲಿ ಸೊಸೈಟಿಗಳೆದ್ದವು. ಇತ್ತ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1877ರಲ್ಲಿ ಸುರುವಾದ ಹಳೇ ಗಿರಣಿಯ ಭೋಂಗೆಯನ್ನು ಕೇಳಿ ಗಡಿಯಾರ ಇಟ್ಟುಕೊಳ್ಳುತ್ತಿದ್ದ ಊರಿನಲ್ಲಿ ಗಿರಣಿಯ ಜಾಗವೇ ಪ್ಲಾಟುಗಳಾದುವು. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 9,51,558 ಆಗಿದ್ದಿತು. ಇಷ್ಟು ಜನಕ್ಕೆ ಗೋಡೆ ಬೇಕು. ಗೋಡೆಗೆ ಗೌಂಡಿ ಬೇಕು. ಅಕ್ಕಲಕೋಟೆ, ಇಂಡಿ, ಅಫಜಲಪುರದ ಕಡೆಯ ಕನ್ನಡಿಗರು ಗೌಂಡಿಗಳಾಗಿ ಬಂದರು. ಈಚೆಗೆ ಸಳಿ ಕಟ್ಟುವದಕ್ಕೆ ಬಿಹಾರದವರು ಬಂದಿದ್ದಾರೆ. ಒಂದು ಸ್ಲ್ಯಾಬು ಬೀಳುವಾಗ ಅಲ್ಲಿ ಮುಕಾದಮನು ಕನ್ನಡದಲ್ಲಿ ಬೈಯುವನು, ಇಂಜಿನಿಯರನು ಮರಾಠಿಯಲ್ಲಿ ತಿದ್ದುವನು, ಸಳಿಯವನು ಹಿಂದಿಯಲ್ಲಿ ಉತ್ತರ ಕೊಡುವನು, ಮನೆಯ ಒಡತಿಯು ತೆಲುಗಿನಲ್ಲಿ ದೇವರನ್ನು ನೆನೆಯುವಳು.

ಈ ಪಟ್ಟಣದ ಮೂಲವೇ ಕಾಮಗಾರಿಯಲ್ಲಿದೆಯೆಂಬುದನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಇದು ಸೊನ್ನಲಿಗೆ. ಇಲ್ಲಿಯ ಸಿದ್ಧರಾಮನು ಕೆರೆಯನ್ನು ತೋಡಿಸಿ, ಗುಡಿಯನ್ನು ಎತ್ತಿಸಿ, ಊರನ್ನು ಬೆಳೆಸಿದನೆಂದು ರಾಘವಾಂಕನು ಕಾವ್ಯ ಬರೆದನು. ಈ ಊರವರೇ ಆದ ಜಯದೇವಿತಾಯಿ ಲಿಗಾಡೆಯವರು ನಮ್ಮ ಕಾಲದಲ್ಲಿ ಮತ್ತೆ ಅವನ ಪುರಾಣವನ್ನು ಬರೆದರು. ಕೆರೆಯ ಕೆಲಸ ನಡೆದಾಗ ಅಲ್ಲಮಪ್ರಭುವು ಬಂದು ಸಿದ್ಧರಾಮನನ್ನು ‘ಒಡ್ಡ’ನೆಂದು ಕರೆದನೆಂದೂ, ಅದನ್ನು ಕೇಳಿ ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆದರೆಂದೂ ಶೂನ್ಯಸಂಪಾದನೆಯ ಕಥೆ. ಈ ಕಥೆಯನ್ನು ಹೇಳುವಾಗಲೆಲ್ಲ ನಾನು ಒಂದು ಗಳಿಗೆ ತಡೆಯುತ್ತೇನೆ. ಬುಟ್ಟಿ ಹೊತ್ತವರು ತಾವೇ ಮಣ್ಣಿನ ಕೆಲಸದವರು. ತಮ್ಮ ಗುರುವಿಗೆ ತಮ್ಮ ಕೆಲಸದ ಹೆಸರನ್ನೇ ಇಟ್ಟರೆ ಅವರಿಗೇಕೆ ಅವಮಾನವೆನಿಸಬೇಕು? ಪಂಡಿತರು ಏನೆನ್ನುವರೋ ನಾನರಿಯೆ. ಗೌಂಡಿಯ ಮಗನಾದ ನನಗೆ ಅದು ತಿಳಿಯುತ್ತದೆ. ಶಾಲೆಯಲ್ಲಿ ಗುರುಗಳು ‘ನಿಮ್ಮಪ್ಪ ಏನು ಮಾಡುತ್ತಾನೆ?’ ಎಂದು ಕೇಳಿದಾಗ ನಾನು ‘ಸೊಲ್ಲಾಪುರದಾಗ ಕೆಲಸಕ್ಕಿದ್ದಾನ್ರಿ’ ಎಂದಷ್ಟೇ ಹೇಳುತ್ತಿದ್ದೆನು.

ಆ ಅಪ್ಪನು ಮಾಡಿದ ಒಂದು ಕೆಲಸದ ಬೆಲೆ ನನಗೆ ಬಹಳ ದಿನ ತಿಳಿಯಲಿಲ್ಲ. ಅವನು ದಿನಾಲು ತಿರುಗಿ ಬರುತ್ತಿದ್ದನು. ನಸುಕಿನ ಎಸ್.ಟಿ.ಯಿಂದ ಹೋಗಿ, ರಾತ್ರಿಯ ಎಸ್.ಟಿ.ಯಿಂದ ಬರುವದು. ಗುತ್ತೇದಾರರು ಕಾಮಗಾರಿಯ ಹತ್ತಿರವೇ ಶೆಡ್ಡಿನಲ್ಲಿ ಬಿಡಾರ ಮಾಡೆಂದು ಹಲವು ಸಲ ಹೇಳಿದರು. ಬಸ್ಸಿನ ದುಡ್ಡೂ ಉಳಿಯುತ್ತಿತ್ತು, ಅವ್ವನಿಗೂ ಕೂಲಿ ಸಿಗುತ್ತಿತ್ತು. ಅವನು ಒಪ್ಪಲಿಲ್ಲ. ಯಾಕೆಂದು ಕೇಳಿದರೆ ‘ಶೆಡ್ಡಿನಾಗ ನಿದ್ದಿ ಹತ್ತೂದಿಲ್ಲ’ ಎಂದು ತೇಲಿಸಿಬಿಡುತ್ತಿದ್ದನು. ನಾನು ಒಂದರಿಂದ ಏಳರವರೆಗೆ ಒಂದೇ ಶಾಲೆಯಲ್ಲಿ, ಒಂದೇ ಭಾಷೆಯಲ್ಲಿ, ಒಂದೇ ಗೆಳೆಯರೊಂದಿಗೆ ಕಲಿತೆನು. ಮುಂದೆ ಡಿ.ಎಡ್. ಮಾಡಿ ಮಾಸ್ತರನಾದೆನು. ಇದು ನನ್ನ ಬುದ್ಧಿಯ ಫಲವೆಂದು ನಾನು ತಿಳಿದಿದ್ದೆನು.

ಈಗ ಪಟ್ಟಣವೇ ನಮ್ಮೆಡೆಗೆ ಬರತೊಡಗಿದೆ. ಅಕ್ಕಲಕೋಟೆಯ ರಸ್ತೆಯು ಅಗಲವಾಗಿ ನಾಲ್ಕು ಪಟ್ಟೆಯದಾಗಿದೆ. ಸೊಲ್ಲಾಪುರಕ್ಕೂ ನಮಗೂ ನಡುವೆ ಇರುವ ಕುಂಭಾರಿಯನ್ನು ನೋಡಿದವರಿಗೆ ಇದು ಚೆನ್ನಾಗಿ ತಿಳಿಯುವದು. ಅಲ್ಲಿ 2006ರಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದಾವರಿ ಪರುಳೇಕರ ಅವರ ಹೆಸರಿನ ಹತ್ತು ಸಾವಿರ ಮನೆಗಳಾದವು. ಅನಂತರ ಅದೇ ಕುಂಭಾರಿಯಲ್ಲಿ ರೇ ನಗರದ ಮೂವತ್ತು ಸಾವಿರ ಮನೆಗಳ ಯೋಜನೆ ಬಂದಿತು. 2019ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಅಡಿಗಲ್ಲನ್ನಿಟ್ಟರು. 2024ರ ಜನವರಿ 19ರಂದು ಅವರೇ ಬಂದು ಮೊದಲಿನ ಹದಿನೈದು ಸಾವಿರ ಮನೆಗಳ ಕೀಲಿಕೈಗಳನ್ನು ಕೊಡುವ ಸಮಾರಂಭ ನಡೆಸಿದರು. ಬೀಡಿಯವರು, ಮಗ್ಗದವರು, ಹೊಲಿಗೆಯವರು, ಚಿಂದಿ ಆಯುವವರು ಅಲ್ಲಿಯ ಒಡೆಯರು. ಕಾರ್ಮಿಕ ಮುಖಂಡ ನರಸಯ್ಯ ಆಡಮ್ ಅವರು ಇದರ ಸಲುವಾಗಿ ವರ್ಷಾನುವರ್ಷ ಹೋರಾಡಿದುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಈ ಕೆಲಸವನ್ನು ನಾನು ಚಿಕ್ಕದು ಮಾಡಲಾರೆನು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸಿ, ಹತ್ತು ಫೂಟಿನ ಬಾಡಿಗೆ ಕೋಣೆಯಲ್ಲಿ ತಂಬಾಕಿನ ಘಾಟಿನ ನಡುವೆ ಮಕ್ಕಳನ್ನು ಬೆಳೆಸಿದ ತಾಯಿಗೆ ತನ್ನ ಹೆಸರಿನ ಬಾಗಿಲೆಂಬುದು ಏನೆಂದು ಸ್ವಂತ ಮನೆಯಿದ್ದವರು ಹೇಳಬಾರದು. ಪಟ್ಟಣದಿಂದ ದೂರವಾಯಿತು, ಒಂದೇ ಬಗೆಯ ಕಟ್ಟಡಗಳಾದುವು ಎಂದು ದೂರುವವರಿದ್ದಾರೆ. ದೂರವಾದುದು ನಿಜ. ಆದರೆ ಹೀಗೆ ದೂರುವವರಲ್ಲಿ ಬಹಳ ಜನರು ತಮ್ಮ ಮನೆಯ ಗಚ್ಚಿಯ ಮೇಲೆ ನಿಂತು ಮಾತನಾಡುತ್ತಾರೆ.

ಇಷ್ಟು ದೊಡ್ಡ ಉದಾಹರಣೆ ಕೈಯಳತೆಯಲ್ಲಿರುವಾಗ ಪಾಠಪುಸ್ತಕದ ಮಾವಿನಹಣ್ಣಿನ ಬುಟ್ಟಿಗಳೇಕೆ ಎಂದುಕೊಂಡು ನಾನು ಒಂದು ದಿನ ನಾಲ್ಕನೆಯ ಇಯತ್ತೆಯಲ್ಲಿ ಫಲಕದ ಮೇಲೆ ಲೆಕ್ಕ ಬರೆದೆನು: ರೇ ನಗರದಲ್ಲಿ 834 ಕಟ್ಟಡಗಳು, ಒಂದೊಂದು ಕಟ್ಟಡದಲ್ಲಿ 36 ಮನೆಗಳು, ಒಟ್ಟು ಮನೆಗಳೆಷ್ಟು? ಮಕ್ಕಳು ಪಾಟಿಯ ಮೇಲೆ ತಲೆ ಬಗ್ಗಿಸಿದರು. ಕಿಟಕಿಯ ಹತ್ತಿರ ಕೂಡುವ ಹುಡುಗಿಯೊಬ್ಬಳು ಪಾಟಿಯನ್ನು ಮುಟ್ಟದೆ ಎದ್ದು ನಿಂತಳು. ‘ಎಂಟನೂರಕ್ಕ ಇಪ್ಪತ್ತೆಂಟ ಸಾವಿರದ ಎಂಟನೂರ, ಉಳದದ್ದಕ್ಕ ಸಾವಿರದ ಎರಡನೂರ ಇಪ್ಪತ್ನಾಕ’ ಎಂದು ತುಟಿಯಲ್ಲೇ ಎಣಿಸಿ, “ಮೂವತ್ತ ಸಾವಿರದ ಇಪ್ಪತ್ನಾಕ್ರಿ ಸರ” ಎಂದಳು. ನಾನು ಶಹಬ್ಬಾಸ್ ಎನ್ನುವಷ್ಟರಲ್ಲಿ ಅವಳು ಕೂಡದೆ ಹಾಗೆಯೇ ನಿಂತು, “ಆದ್ರ ಲೆಕ್ಕ ತಪ್ಪೈತ್ರಿ” ಎಂದಳು.

“ಏನು ತಪ್ಪಾಯಿತವ್ವಾ?”

“ಶೆಡ್ಡ ಎಣಸಿಲ್ಲರಿ ಸರ. ಆಗ ನಾವು ಅಲ್ಲೇ ಶೆಡ್ಡಿನಾಗ ಇದ್ದೆವ್ರಿ. ಬಾಳ ಶೆಡ್ಡ ಇದ್ದೂರಿ.”

ಹುಡುಗರು ನಕ್ಕರು. ನಾನೂ ನಕ್ಕೆನು. ‘ಶೆಡ್ಡುಗಳನ್ನು ಕಾಮಗಾರಿ ಮುಗಿದ ಮೇಲೆ ಕಿತ್ತು ಹಾಕುತ್ತಾರೆ, ಅವನ್ನು ಎಣಿಸುವದಿಲ್ಲ’ ಎಂದು ತಿಳಿಸಿ ಹೇಳಿದೆನು. ಅವಳು ಕುಳಿತಳು. ಉತ್ತರವು ಅವಳಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಮುಖದ ಮೇಲೆಯೇ ಇದ್ದಿತು. ಲೆಕ್ಕದಲ್ಲಿ ನನ್ನದು ಸರಿ. ಪ್ರಶ್ನೆಯನ್ನು ನಾನು ಕಟ್ಟಡಗಳ ಬಗ್ಗೆ ಕೇಳಿದ್ದೆನು. ಅವಳು ಮನೆಗಳ ಬಗ್ಗೆ ಉತ್ತರ ಕೊಟ್ಟಿದ್ದಳು.

ಅವಳ ತಂದೆತಾಯಿ ಇಂಡಿ ತಾಲೂಕಿನವರು. ತಂದೆ ಗೌಂಡಿ, ತಾಯಿ ಕೈಯಾಳು. ರೇ ನಗರದ ಕೆಲಸಕ್ಕೆ ಬಂದಾಗ ಹುಡುಗಿಗೆ ಐದಾರು ವರ್ಷ. ಅಲ್ಲಿಂದ ಬೇರೆ ಬೇರೆ ಕಾಮಗಾರಿಗಳ ಮೇಲೆ ತಿರುಗಿ, ಆ ವರ್ಷದ ಜೂನದಲ್ಲಿ ನಮ್ಮೂರ ಬದಿಯ ಹೊಸ ಪ್ಲಾಟುಗಳ ಕೆಲಸಕ್ಕೆ ಬಂದಿದ್ದರು. ನಮ್ಮದು ಕನ್ನಡ ಶಾಲೆಯೆಂದು ತಿಳಿದು ತಾಯಿಯೇ ಅವಳನ್ನು ಕೈಹಿಡಿದು ಕರೆತಂದಿದ್ದಳು. ಅದಕ್ಕೆ ಮುಂಚೆ ಒಂದು ವರ್ಷ ಮರಾಠಿ ಶಾಲೆ, ಒಂದು ವರ್ಷ ಯಾವ ಶಾಲೆಯೂ ಇಲ್ಲ. ಓದುವಾಗ ತೊದಲುತ್ತಿದ್ದಳು, ಒತ್ತಕ್ಷರ ಬಂದರೆ ನಿಂತೇಬಿಡುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಪಾಠವನ್ನು ಓದಿ ತನ್ನ ಮಾತಿನಲ್ಲಿ ಹೇಳುವಂತಾದಳು. ಒಬ್ಬ ಪ್ರಾಥಮಿಕ ಶಿಕ್ಷಕನಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಯಾವುದಿದೆಯೆಂದು ವಾಚಕರಲ್ಲಿ ನನ್ನ ವೃತ್ತಿಯವರಾದ ಎಲ್ಲರೂ ಬಲ್ಲರು.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಮುಗಿದ ವಾರದಲ್ಲಿ ಅವಳು, “ಸರ, ನಾವು ಪುಣೇಕ್ಕ ಹೊಂಟೆವ್ರಿ” ಎಂದಳು. ಅಂದು ಸಂಜೆ ನಾನು ಅವರ ಶೆಡ್ಡಿಗೆ ಹೋದೆನು. ನಾಲ್ಕು ಮೂಲೆಗೆ ಬಳ್ಳಿ ಕಟ್ಟಿಗೆ, ಮೇಲೆ ಸುತ್ತಲೂ ಪತ್ರೆ. ಖಣದ ಲೆಕ್ಕದಲ್ಲಿ ಒಂದೂ ಆಗಲಾರದು. ಒಳಗೆ ಇಟ್ಟಿಗೆಗಳ ಮೇಲೆ ಹಲಗೆಯನ್ನಿಟ್ಟು ಹುಡುಗಿಯು ಪುಸ್ತಕಗಳನ್ನು ಜೋಡಿಸಿದ್ದಳು. ಇಟ್ಟಿಗೆಯ ಆ ಚಿಕ್ಕ ಗೋಡೆಯು ಓಳಂಬ ಹಿಡಿದು ಕಟ್ಟಿದಂತೆ ನೆಟ್ಟಗಿದ್ದಿತು. ತಂದೆಯು ಸೋಪನೆಂಬ ಒಂದು ಸಿಮೆಂಟಿನ ಚೀಲವನ್ನು ಹಾಸಿ ಕೂಡ್ರಿಸಿದನು. ವಾರ್ಷಿಕ ಪರೀಕ್ಷೆಯವರೆಗಾದರೂ ಹುಡುಗಿಯನ್ನು ಯಾರದಾದರೂ ಮನೆಯಲ್ಲಿ ಬಿಡಿರೆಂದು ನಾನು ಹೇಳಿದೆನು.

“ಯಾರ ಮನ್ಯಾಗ ಬಿಡೂನ್ರಿ ಗುರುಗಳ? ಊರಾಗ ನಮ್ಮವ್ವ ಇದ್ದಾಕಿ ಹ್ವಾದ ವರ್ಷ ತೀರಿಕೊಂಡ್ಳು. ಹೆಣ್ಣ ಕೂಸರಿ. ನೀವ ಇಟ್ಕೋತೀರೇನ್ರಿ?”

ಅವನು ಕುಹಕದಿಂದ ಕೇಳಲಿಲ್ಲ, ನಿಜವಾಗಿ ಕೇಳಿದನು. ನನಗೆ ಕೂಡಲೇ ಉತ್ತರ ಬರಲಿಲ್ಲ. ನನ್ನ ಮನೆಯಲ್ಲಿ ಮುದುಕ ತಂದೆತಾಯಿ, ಇಬ್ಬರು ಮಕ್ಕಳು. ಹೆಂಡತಿಯನ್ನು ಕೇಳಿ ಹೇಳುವೆನೆಂದೆನು. ‘ಇರಲಿ ಬಿಡ್ರಿ, ನೀವು ಇಷ್ಟು ಬಂದು ಕೇಳಿದ್ರಲ್ಲ’ ಎಂದು ತಾಯಿಯು ನನ್ನನ್ನು ಆ ಮಾತಿನಿಂದ ಬಿಡಿಸಿದಳು. ಆ ರಾತ್ರಿ ಮನೆಯಲ್ಲಿ ಕೇಳಿದೆನು. ಹೆಂಡತಿಯು ಒಲ್ಲೆನೆನ್ನಲಿಲ್ಲ. ಒಪ್ಪಿಗೆಯೆಂದು ನಾನು ಮರುದಿನ ಹೋಗಿ ಹೇಳಬಹುದಿದ್ದಿತು. ಎರಡು ದಿನ ಯೋಚಿಸಿದೆನು. ಮೂರನೆಯ ದಿನ ತಂದೆಯೇ ಶಾಲೆಗೆ ದಾಖಲೆಯನ್ನು ಕೇಳಲು ಬಂದನು.

ಸರಕಾರದ ಕಾಗದಗಳಲ್ಲಿ ಇಂಥವರ ನೆನಪು ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರ ಸಲುವಾಗಿ 1996ರಲ್ಲಿಯೇ ಕಾಯಿದೆಯಾಗಿದೆ. ಕಟ್ಟುವವರು ಖರ್ಚಿನ ನೂರಕ್ಕೆ ಒಂದು ರೂಪಾಯಿಯನ್ನು ಕಾರ್ಮಿಕರ ಹಿತಕ್ಕೆಂದು ತೆರುತ್ತಾರೆ. ಹೆಸರು ನೋಂದಿಸಿದವರ ಮಕ್ಕಳಿಗೆ ಒಂದರಿಂದ ಏಳನೆಯ ಇಯತ್ತೆಯವರೆಗೆ ವರ್ಷಕ್ಕೆ 2,500 ರೂಪಾಯಿಗಳ ಸಹಾಯವೂ ಇದೆ. ಆದರೆ ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ಸಹಾಯಕ್ಕೆ ಮಗುವಿನ 75 ಪ್ರತಿಶತ ಹಾಜರಿ ಬೇಕು. ವರ್ಷಕ್ಕೆ ಮೂರು ಮುಕಾದಮರ ಕೈಕೆಳಗೆ ದುಡಿದವನು 90 ದಿನವನ್ನು ಯಾರಿಂದ ಬರೆಸಬೇಕು? ಮೂರು ಊರು ತಿರುಗಿದ ಮಗುವಿನ ಹಾಜರಿಯನ್ನು ಯಾವ ಶಾಲೆ ಎಣಿಸಬೇಕು? ಕಬ್ಬು ಕಡಿಯಲು ಹೋದವರು ಕಾರಖಾನೆ ನಿಂತೊಡನೆ ತಿರುಗಿ ಬರುತ್ತಾರೆ. ಅವರ ಮಕ್ಕಳಿಗಾಗಿ ಹಂಗಾಮಿ ವಸತಿಗೃಹಗಳನ್ನು ನಡೆಸಲು ಬರುತ್ತದೆ. ಕಟ್ಟುವವರಿಗೆ ಸುಗ್ಗಿಯಿಲ್ಲ, ಹಂಗಾಮಿಲ್ಲ. ಪಟ್ಟಣವು ಬೆಳೆಯುವದು ನಿಂತರೆ ಮಾತ್ರ ಅವರ ತಿರುಗಾಟ ನಿಂತೀತು. ಆಗ ಅವರ ಹೊಟ್ಟೆಯೂ ನಿಲ್ಲುವದು.

ದಾಖಲೆಯನ್ನು ಅಂದೇ ಬರೆದುಕೊಟ್ಟೆನು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಮೇರೆಗೆ ಅದನ್ನು ತಡೆಯಲು ಬರುವದಿಲ್ಲ, ದಾಖಲೆಯಿಲ್ಲವೆಂದು ಹೊಸ ಶಾಲೆಯೂ ನಿರಾಕರಿಸಲು ಬರುವದಿಲ್ಲವೆಂದು ತಂದೆಗೆ ಎರಡು ಸಲ ಹೇಳಿ, ನನ್ನ ಫೋನ್ ನಂಬರನ್ನು ಹಿಂಬದಿಗೆ ಬರೆದೆನು. ‘ಶಾಲೆ ಬಿಡಲು ಕಾರಣ’ ಎಂಬಲ್ಲಿ ‘ಪಾಲಕರ ಸ್ಥಳಾಂತರ’ ಎಂದು ಬರೆಯಬೇಕು, ಬರೆದೆನು. ಅವನು ಕಾಗದವನ್ನು ಮಡಿಸಿ, ಆಧಾರ ಕಾರ್ಡುಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕೈಮುಗಿದು ಹೋದನು. ಹುಡುಗಿಯು ಕನ್ನಡ ಪುಸ್ತಕವನ್ನು ತಿರುಗಿ ಕೊಡಬೇಕೇನೆಂದು ಕೇಳಿದಳು. ಇಟ್ಟುಕೊಳ್ಳೆಂದೆನು.

ಸಂಜೆ ಈ ಸಂಗತಿಯನ್ನು ಅಪ್ಪನಿಗೆ ಹೇಳಿದಾಗ ಅವನು ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ರಸ್ತೆಯ ಕಡೆಗೆ ನೋಡಿದನು. “ಆ ಮನಶ್ಯಾಗ ದಿನಾ ಬರಾಕ ಪುಣೆ ದೂರ ಆತು” ಎಂದಷ್ಟೇ ಅಂದನು. ಶೆಡ್ಡಿನಲ್ಲಿ ನಿದ್ದೆ ಹತ್ತುವದಿಲ್ಲವೆಂದು ಅವನು ಹೇಳುತ್ತಿದ್ದುದು ಯಾಕೆಂದು ನಾನು ಅಂದು ಕೇಳಲಿಲ್ಲ. ಕೇಳುವ ಅವಶ್ಯಕತೆಯೂ ಉಳಿದಿರಲಿಲ್ಲ.

ಈಗಿನ ಪದ್ಧತಿಯಲ್ಲಿ ಹೊಸ ಶಾಲೆಯವರು ಗಣಕಯಂತ್ರದ ಮೇಲೆ ಬೇಡಿಕೆ ಕಳಿಸಿ, ನಾವು ಒಪ್ಪಿಗೆ ಕೊಟ್ಟಾಗ ಮಗುವಿನ ಹೆಸರು ಅವರ ಪಟ್ಟಿಗೆ ಹೋಗುತ್ತದೆ. ಫೆಬ್ರುವರಿಯಲ್ಲಿ ನಾನು ವಾರಕ್ಕೆರಡು ಸಲ ತೆರೆದು ನೋಡಿದೆನು. ಮಾರ್ಚ ಮುಗಿಯುವವರೆಗೆ ಯಾವ ಶಾಲೆಯಿಂದಲೂ ಬೇಡಿಕೆ ಬರಲಿಲ್ಲ. ದಾಖಲೆ ಕೊಟ್ಟಾಗಲೇ ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆಯನ್ನು ಎಳೆಯಬೇಕೆಂಬುದು ನಿಯಮ. ನಾನು ಎಳೆದಿರಲಿಲ್ಲ. ಬೆಳಿಗ್ಗೆ ಹೆಸರು ಕೂಗುವಾಗ ರೂಢಿಯಿಂದ ಅವಳ ಹೆಸರನ್ನೂ ಕೂಗಿಬಿಡುತ್ತಿದ್ದೆನು. ಕಿಟಕಿಯ ಹತ್ತಿರ ಅವಳ ಮಗ್ಗುಲಿಗೆ ಕೂಡುತ್ತಿದ್ದ ಹುಡುಗಿಯು ಪ್ರತಿ ಸಲವೂ ಎದ್ದು, “ಪುಣೇಕ್ಕ ಹೋಗ್ಯಾಳ್ರಿ ಸರ” ಎನ್ನುತ್ತಿದ್ದಳು.